ಮುಟ್ಟದೆ ಕಳಿಸಿದ ಮುಖ

ಕೊರೊನಾ ಗಲಾಟೆ ಮುಗಿದ ಮರುವರ್ಷ. ಸವಣೂರು, ಶಿಗ್ಗಾಂವಿ, ಹಿರೇಕೆರೂರು ಅಂತ ಸರ್ಕಾರಿ ನೌಕರಿಯಲ್ಲಿ ಊರೂರು ತಿರುಗಿ ನಿವೃತ್ತನಾದ ಮೇಲೆ, ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಹೋಗುವ ರಸ್ತೆಯಲ್ಲಿ ಎರಡು ಕೋಣೆಯ ದವಾಖಾನೆ ತೆರೆದು ಕುಳಿತಿದ್ದೆ. ನಾನು ಚರ್ಮರೋಗ ತಜ್ಞನಲ್ಲ. ಜ್ವರ, ಕೆಮ್ಮು, ಬಿಪಿ, ಸಕ್ಕರೆ ಕಾಯಿಲೆ ನೋಡುವ ಸಾದಾ ಎಂಬಿಬಿಎಸ್. ಆದರೆ ಮೂವತ್ತು ವರ್ಷ ರೋಗಿಗಳ ನಡುವೆ ಕಳೆದವನಿಗೆ ‘ನೋಡಿದರೆ ಸಾಕು, ಗೊತ್ತಾಗುತ್ತದೆ’ ಎಂಬ ಒಂದು ಸೊಕ್ಕು ಬಂದಿರುತ್ತದೆ. ನನ್ನ ಸೊಕ್ಕಿನ ಬೆಲೆಯನ್ನು ಒಬ್ಬ ಹೆಣ್ಣುಮಗಳು ತೆತ್ತ ಸಂಗತಿ ಇದು.

ದವಾಖಾನೆಯಿಂದ ಕೂಗಳತೆಯಲ್ಲಿ ಒಂದು ರೈಸ್ ಮಿಲ್ಲು. ಅಲ್ಲಿ ಕುಚ್ಚಲಕ್ಕಿ ಮಾಡುತ್ತಾರೆ. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ದೊಡ್ಡ ಸಿಮೆಂಟ್ ಕಣದ ಮೇಲೆ ಹರವಿ ಒಣಗಿಸುವ ಕೆಲಸ. ಹರವಿದ ಭತ್ತ ಸಮನಾಗಿ ಒಣಗಬೇಕೆಂದರೆ ಅದನ್ನು ಗಳಿಗೆಗೊಮ್ಮೆ ಹೊರಳಿಸಬೇಕು. ಹೆಣ್ಣುಮಕ್ಕಳು ಬರಿಗಾಲಲ್ಲಿ ಪಾದ ಎಳೆಯುತ್ತ, ಗದ್ದೆಯಲ್ಲಿ ನೇಗಿಲು ಹೋದಂತೆ ಸಾಲು ಬಿಡುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ. ಮೇಲಿನ ಬಿಸಿಲು ಒಂದಾದರೆ ಸಿಮೆಂಟಿನಿಂದ ತಿರುಗಿ ಬೀಳುವ ಬಿಸಿಲು ಇನ್ನೊಂದು. ತಲೆಗೆ ಸೆರಗು ಹೊದ್ದರೂ ಗಲ್ಲ, ತುಟಿ, ಕಿವಿಯ ಬುಡಕ್ಕೆ ಕೆಳಗಿನಿಂದ ಝಳ ಹೊಡೆಯುತ್ತದೆ.

ಆ ಕಣದಲ್ಲಿ ದ್ಯಾಮವ್ವ ಇಪ್ಪತ್ತು ವರ್ಷ ನಡೆದಿದ್ದಳು. ಕರಿ ಬಣ್ಣದ ತಾಯಿ ತಂದೆಗೆ ಹಾಲಿನಂತೆ ಬೆಳ್ಳಗೆ ಹುಟ್ಟಿದವಳು. ಗೋವಿನಜೋಳದ ತೆನೆಯ ರೇಷ್ಮೆಯಂಥ ಕೂದಲು, ಒಂದು ಕಡೆ ನಿಲ್ಲದೆ ಅಲುಗುವ ಕಣ್ಣು. ಇದಕ್ಕೆ ಆಲ್ಬಿನಿಸಂ ಎನ್ನುತ್ತೇವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇವರಲ್ಲಿ ತಯಾರಾಗುವುದಿಲ್ಲ. ನಮ್ಮ ನಿಮ್ಮ ಚರ್ಮಕ್ಕೆ ಆ ಬಣ್ಣವೇ ಕೊಡೆ. ಕೊಡೆಯಿಲ್ಲದೆ ಹುಟ್ಟಿದವರಿಗೆ ಬಿಸಿಲು ನೇರ ಒಳಗಿಳಿಯುತ್ತದೆ. ಸಾಲೆಯಲ್ಲಿ ಹುಡುಗರು ಅವಳನ್ನು ‘ಬಿಳಿ ಹಲ್ಲಿ’ ಎನ್ನುತ್ತಿದ್ದರಂತೆ. ಬೋರ್ಡಿನ ಅಕ್ಷರ ಕಾಣದೆ ಮೂರನೇ ಇಯತ್ತೆಗೆ ಸಾಲೆ ಬಿಟ್ಟಳು.

ಮಿಲ್ಲಿನಲ್ಲಿ ಮಾತ್ರ ಅವಳ ಬಣ್ಣಕ್ಕೆ ಬೇರೆಯೇ ಅರ್ಥ. ಸಾವ್ಕಾರರ ತಾಯಿ, ಎಲ್ಲರೂ ದೊಡ್ಡವ್ವಾರು ಎನ್ನುವ ಹಿರಿಯಾಕೆ, ಹದಿನಾರರ ದ್ಯಾಮವ್ವನನ್ನು ನೋಡಿ “ಈಕಿದು ಲಕ್ಷ್ಮಿ ಕಾಲು” ಅಂದುಬಿಟ್ಟಿದ್ದರು. ಅಂದಿನಿಂದ ಸುಗ್ಗಿಯ ಮೊದಲ ರಾಶಿಗೆ ಅವಳ ಪಾದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಬೆಳ್ಳಿ ಗೆಜ್ಜೆ ತೊಡಿಸಿ ಮೊದಲ ಸಾಲು ತುಳಿಸುವುದು ಮಿಲ್ಲಿನ ಪದ್ಧತಿಯಾಯಿತು. ಉಳಿದ ಹೆಂಗಸರು ಸರದಿಯ ಮೇಲೆ ಗೋಡೌನಿನ ನೆರಳಿಗೆ ಹೋಗಿ ಚೀಲ ಹೊಲಿಯುತ್ತಿದ್ದರು. ದ್ಯಾಮವ್ವನಿಗೆ ಆ ಸರದಿ ಬರಲೇ ಇಲ್ಲ. ಲಕ್ಷ್ಮಿ ಗೋಡೌನಿನಲ್ಲಿ ಕುಳಿತರೆ ಕಣ ತುಳಿಯುವವರು ಯಾರು?

ಅವಳ ಎಡಗಿವಿಯ ಮುಂದೆ, ಕೆನ್ನೆಯ ಮೇಲುಭಾಗದಲ್ಲಿ, ಒಂದು ಕೋಡು ಮೂಡಿತ್ತು. ಕಿರುಬೆರಳ ಉಗುರಿನಷ್ಟು ಉದ್ದ, ಗಟ್ಟಿ, ಹಳದಿ. ಕಣದ ಹೆಂಗಸರಿಗೆ ಅದು ನಗೆಯ ಸರಕು. “ಲಕ್ಷ್ಮಿಗೆ ಕೋಡು ಬಂದಾವು, ಇನ್ನ ಹಾಲು ಹಿಂಡೂದೊಂದ ಬಾಕಿ ನೋಡವ್ವ” ಎಂದು ಒಬ್ಬಳು ಅಂದಿದ್ದು ಊರೆಲ್ಲ ಹಬ್ಬಿತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಸವಣೂರಿನ ಇಮಾಮಸಾಬನಿಗೆ ಮಾತ್ರ ನಗು ಬರಲಿಲ್ಲ. ಬಂಕಾಪುರದಲ್ಲಿ ಅವನ ಭಾವನ ಹತ್ತಿರ ಮದುವೆ ಮೆರವಣಿಗೆಯ ಕುದುರೆಯಿತ್ತು. ಅದರ ಬಾಲದ ಕೂದಲು ತಂದು ಕೋಡಿನ ಬುಡಕ್ಕೆ ಬಿಗಿಯಾಗಿ ಕಟ್ಟಿದ. ನರೂಲಿಗೆ ನಮ್ಮ ಸೀಮೆಯವರು ಹೀಗೆ ಮಾಡುವುದು ಹಳೆಯ ರೂಢಿ. ಎಂಟನೇ ದಿನಕ್ಕೆ ಕೋಡು ಉದುರಿತು.

ಉದುರಿದ ಮರುದಿನ ದ್ಯಾಮವ್ವ ನನ್ನ ಮೇಜಿನ ಆಚೆ ಬಂದು ಕುಳಿತಳು.

“ಏನವ್ವ, ಕೋಡು ಎಲ್ಲಿ ಹೋತು?”

“ಇಮಾಮಸಾಬಣ್ಣ ಕುದುರಿ ಕೂದಲ ಕಟ್ಟಿದ್ದ್ರಿ. ತಾನ ಬಿತ್ತು. ತಂದೇನಿ ನೋಡ್ರಿ.” ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟಳು.

“ಕುದುರಿದು ಆತು. ಮುಂದಿನ ಸಲ ಕತ್ತೆ ಬಾಲ ಕಟ್ಟಿಕೊಂಡು ಬರ್ತೀರಿ” ಎಂದು ನಕ್ಕೆ. ಅವಳೂ ನಕ್ಕಳು.

ಕುಳಿತಲ್ಲಿಂದಲೇ ಬ್ಯಾಟರಿ ಬಿಟ್ಟು ನೋಡಿದೆ. ಕೋಡಿದ್ದ ಜಾಗದಲ್ಲಿ ಒಂದು ಹಕ್ಕಳೆ, ಸುತ್ತ ಕೆಂಪು. ಕೀವಿಲ್ಲ. ಒಣಗುತ್ತಿದೆ ಅಂದುಕೊಂಡೆ.

“ಸೆರಗು ತಾಗಿದ್ರ ಸುಳ್ ಅಂತೈತ್ರಿ” ಅಂದಳು. “ಮತ್ತ ಗಲ್ಲ ಎಲ್ಲಾ ಮರಳ ಮರಳ ಆಗೈತ್ರಿ. ಕಣ್ಣಿಗೆ ಕಾಣಂಗಿಲ್ಲ. ಕೈಯಾಡಿಸಿದ್ರ ಗೊತ್ತಾಕ್ಕೈತಿ.”

“ಬಿಸಲಿಗೆ ಹಂಗ ಆಗತೈತಿ. ಬಿಸಲಾಗ ನಿಂದರಬ್ಯಾಡ.”

“ಬಿಸಲು ಬಿಟ್ರ ನನ್ನ ಲಕ್ಷ್ಮಿ ಅಂತ ಯಾರು ಅಂತಾರ್ರಿ?”

ಮುಲಾಮು ಬರೆದುಕೊಟ್ಟೆ. ಕೋಡಿನ ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿದೆ.

ಆ ಐದು ನಿಮಿಷದಲ್ಲಿ ರೋಗಿ ತನ್ನ ರೋಗವನ್ನು ತಾನೇ ಹೇಳಿ ಮುಗಿಸಿದ್ದಳು. ಬಿಸಿಲಿಗೆ ಕೆಟ್ಟ ಚರ್ಮ ಮೊದಲು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಉಸುಕು ಕಾಗದದಂತೆ ಹತ್ತುತ್ತದೆ. ಆಕ್ಟಿನಿಕ್ ಕೆರಟೋಸಿಸ್ ಎಂದು ಅದರ ಹೆಸರು. ಅದರಲ್ಲಿ ಹೆಚ್ಚಿನವು ಹಾಗೇ ಉಳಿಯುತ್ತವೆ, ಕೆಲವು ಕ್ಯಾನ್ಸರಿಗೆ ತಿರುಗುತ್ತವೆ. ತಿರುಗುವಾಗ ಅದು ಸುಳಿವು ಕೊಡುತ್ತದೆ: ಮುಟ್ಟಿದರೆ ನೋವು, ಬುಡ ದಪ್ಪವಾಗಿ ಗಟ್ಟಿಯಾಗುವುದು, ಬೇಗ ಬೆಳೆಯುವುದು, ರಕ್ತ ಜಿನುಗುವುದು, ವಾರಗಟ್ಟಲೆ ಮಾಯದ ಹುಣ್ಣು. ಕೋಡು ಮೂಡಿದ್ದರಂತೂ ಕೋಡು ಮುಖ್ಯವಲ್ಲ, ಅದು ಯಾವ ನೆಲದಲ್ಲಿ ಬೆಳೆದಿದೆ ಎಂಬುದು ಮುಖ್ಯ. ಬುಡದ ಚರ್ಮ ಸಮೇತ ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಇದೆಲ್ಲ ನಾನು ಓದಿದ್ದೆ. ಕೈ ಚಾಚಿ ಒಂದು ಬೆರಳು ಆ ಬುಡದ ಮೇಲೆ ಇಟ್ಟಿದ್ದರೆ ಸಾಕಿತ್ತು.

ನಾಲ್ಕು ತಿಂಗಳ ಮೇಲೆ ಇಮಾಮಸಾಬ ಅವಳನ್ನು ಕರೆತಂದ. ಸೆರಗು ಸರಿಸಿದಾಗ ಹುಣ್ಣು ಎಂಟಾಣೆಯಷ್ಟು ಅಗಲವಾಗಿತ್ತು. ನಡುವೆ ಕುಳಿ, ಸುತ್ತ ರೊಟ್ಟಿಯ ಅಂಚು ಮಡಚಿದಂತೆ ಎದ್ದ ದಂಡೆ, ಮುಟ್ಟಿದರೆ ರಕ್ತ. ಈ ಸಲ ಎದ್ದು ಹೋಗಿ ಮುಟ್ಟಿದೆ. ಬುಡ ಹುಣಸೆ ಬೀಜದಂತೆ ಗಟ್ಟಿ. ಕೈ ಕೆಳಗಿಳಿಸಿದೆ. ದವಡೆಯ ಕೆಳಗೆ ಗೋಲಿಯಷ್ಟು ದೊಡ್ಡ ಗಂಟು, ಬೆರಳಿಗೆ ಸರಿಯದೆ ಕೂತಿತ್ತು.

ನನ್ನ ಮುಖ ನೋಡಿ ಅವಳಿಗೆ ತಿಳಿಯಿತು. “ನಾಕ ತಿಂಗಳ ಹಿಂದ ಬಂದಿದ್ನೆಲ್ರಿ. ಆವಾಗ ಇತ್ತೇನ್ರಿ ಇದು?”

ಸುಳ್ಳು ಹೇಳಲು ದಾರಿಗಳಿದ್ದವು. ಡಾಕ್ಟರಿಗೆ ಅವು ಬಾಯಿಪಾಠ ಇರುತ್ತವೆ.

“ಇತ್ತವ್ವ” ಅಂದೆ.

“ನೀವು ಮುಟ್ಟಿ ನೋಡಲಿಲ್ರಿ” ಅಂದಳು. ಸಿಟ್ಟಿರಲಿಲ್ಲ, ಸಾಕ್ಷಿ ಹೇಳಿದಂತಿತ್ತು. ಬಾಗಿಲಲ್ಲಿ ನಿಂತಿದ್ದ ಇಮಾಮಸಾಬ “ತಪ್ಪು ನಂದ್ರಿ ಡಾಕ್ಟ್ರ. ಆ ಕೂದಲ ಕಟ್ಟಿದ್ದ ನಾನು” ಅಂದ. ಅದಕ್ಕೆ ಅವಳು, “ನೀ ಕಟ್ಟಾಕರ ಮುಟ್ಟಿದ್ದಿ, ಸುಮ್ಕಿರಣ್ಣ” ಎಂದಳು. ಆ ಮಾತು ನನ್ನ ಎದೆಯಲ್ಲಿ ಇನ್ನೂ ಇದೆ.

ಹುಬ್ಬಳ್ಳಿಯಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿದರು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಚರ್ಮದ ಮೇಲ್ಪದರದಲ್ಲಿ ಹುಟ್ಟುವ ಕ್ಯಾನ್ಸರ್. ಮೊದಲ ಹಂತದಲ್ಲಿ ಸಿಕ್ಕಿದ್ದರೆ ಅರ್ಧ ತಾಸಿನ ಕೆಲಸ, ನಾಲ್ಕು ಹೊಲಿಗೆ. ಈಗ ಐದು ತಾಸು ಹಿಡಿಯಿತು. ಕೆನ್ನೆಯ ಚರ್ಮ, ಕಿವಿಯ ಮೇಲಿನರ್ಧ, ಕತ್ತಿನ ಗಂಟುಗಳು ಹೋದವು. ಅವುಗಳ ಜೊತೆ ಮುಖದ ನರವೂ ಹೋಯಿತು. ಎಡಗಣ್ಣು ಮುಚ್ಚಲಾಗದಂತಾಯಿತು, ಬಾಯಿ ಒಂದು ಬದಿಗೆ ಜೋತುಬಿತ್ತು. ಆಮೇಲೆ ಆರು ವಾರ ರೇಡಿಯೇಷನ್.

ಸುಗ್ಗಿಯ ಹೊತ್ತಿಗೆ ತಿರುಗಿ ಬಂದಳು. ಮಿಲ್ಲಿನಲ್ಲಿ ದೊಡ್ಡವ್ವಾರು ಅವಳನ್ನು ನೋಡಿ ಮುಖ ತಿರುಗಿಸಿದರಂತೆ. “ಭಿನ್ನ ಆದ ಮೂರ್ತಿ ಪೂಜಿಗೆ ಬರೂದಿಲ್ಲವ್ವ. ಆಕಿನ್ನ ಒಳಗ ಚೀಲ ಹೊಲ್ಯಾಕ ಹಚ್ರಿ” ಎಂದರಂತೆ. ಇಪ್ಪತ್ತು ವರ್ಷ ಸಿಗದ ನೆರಳು, ಮುಖ ಅರ್ಧ ಹೋದ ಮೇಲೆ ಒಂದು ಮಾತಿನಲ್ಲಿ ಸಿಕ್ಕಿತು. ಇದನ್ನು ನನಗೆ ಹೇಳುವಾಗ ದ್ಯಾಮವ್ವ ಸರಿಯಿದ್ದ ಬದಿಯಿಂದ ನಕ್ಕಳು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಅವಳ ಅಣ್ಣ ಸೋದರಮಾವನ ಮಗಳನ್ನೇ ಮದುವೆಯಾಗಿದ್ದ. ಆಲ್ಬಿನಿಸಂ ಹೀಗೆ ರಕ್ತಸಂಬಂಧದಲ್ಲಿ ಮತ್ತೆ ಮತ್ತೆ ತಲೆ ಎತ್ತುತ್ತದೆ. ಅವರ ಮಗಳು ಚೆನ್ನಿಗೆ ಆಗ ಆರು ವರ್ಷ, ಅತ್ತೆಯ ಹಾಗೇ ಬಿಳಿ. ಒಂದು ಬೆಳಿಗ್ಗೆ ದ್ಯಾಮವ್ವ ಆ ಮಗುವಿನ ಕೈ ಹಿಡಿದು ದವಾಖಾನೆಗೆ ಬಂದಳು. ಮಗುವಿನ ಕಾಲಲ್ಲಿ ಬೆಳ್ಳಿ ಗೆಜ್ಜೆ.

“ದೊಡ್ಡವ್ವಾರು ನನ್ನ ಗೆಜ್ಜಿನ ಬಿಗಿ ಮಾಡಿಸಿ ಈಕಿಗೆ ಕಳಿಸ್ಯಾರ್ರಿ. ಈ ವರ್ಷ ಮೊದಲನೇ ಸಾಲು ಈಕಿ ತುಳೀಬೇಕಂತ. ನಮ್ಮಣ್ಣ ಹೂಂ ಅಂದಾನ. ಈಕಿ ಮುಖ ಮುಟ್ಟಿ ನೋಡ್ರಿ.”

ಎದ್ದು ಹೋಗಿ ಮುಟ್ಟಿದೆ. ಹಣೆ, ಮೂಗು, ತುಟಿ, ಕಿವಿಯ ಹಿಂದು ಮುಂದು. ಬೆಣ್ಣೆಯಂತೆ ನುಣುಪು. “ಏನೂ ಇಲ್ಲ” ಅಂದೆ.

“ಹಂಗ ಉಳೀಬೇಕಂದ್ರ?”

“ಕಣ ತುಳೀಬಾರದು. ತುಂಬು ತೋಳಿನ ಅಂಗಿ, ಅಗಲ ಟೊಪಿಗಿ, ಸನ್‌ಸ್ಕ್ರೀನ್ ಮುಲಾಮು. ಮೂರು ತಿಂಗಳಿಗೊಮ್ಮೆ ನನ್ನ ಹತ್ರ ಬರಬೇಕು.”

“ಹಂಗಾರ ಏಳ್ರಿ. ನೀವೂ ಬರ್ರಿ.”

ಕಣ ಗುಡಿಸಿ ನೀರು ಹೊಡೆದಿದ್ದರು. ಹಬೆ ಆಡುವ ಮೊದಲ ರಾಶಿ, ಊದಿನಕಡ್ಡಿ, ತಟ್ಟೆಯಲ್ಲಿ ಅರಿಷಿಣ. ದೊಡ್ಡವ್ವಾರು ಗೋಡೌನಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. “ಬಾ ನಮ್ಮವ್ವ, ಬಾ ಲಕ್ಷ್ಮಿ” ಎಂದು ಮಗುವಿಗೆ ಕೈ ಚಾಚಿದರು. ಆ ಚಾಚಿದ ಕೈಯನ್ನು ದ್ಯಾಮವ್ವ ಹಿಡಿದಳು. ಇನ್ನೊಂದು ಕೈಯಿಂದ ಮುಖಕ್ಕೆ ಸುತ್ತಿದ ಬಟ್ಟೆ ಬಿಚ್ಚಿದಳು.

“ಇಲ್ಲಿ ಮುಟ್ರಿ, ದೊಡ್ಡವ್ವಾರ. ನೀವು ನನ್ನ ಕಾಲು ಮುಟ್ಟೀರಿ, ಮುಖ ಒಮ್ಮ್ಯೂ ಮುಟ್ಟಿಲ್ಲ.”

ಹಿರಿಯಾಕೆ ಕೈ ಕಿತ್ತುಕೊಂಡರು. ದ್ಯಾಮವ್ವ ಕೆಳಗೆ ಕುಳಿತು ಮಗುವಿನ ಗೆಜ್ಜೆ ಬಿಚ್ಚಿ, ಬಿಸಿ ರಾಶಿಯ ಮೇಲೆ ಇಟ್ಟಳು. ಕಣದ ಹೆಂಗಸರು ಯಾರೂ ನಗಲಿಲ್ಲ. ನಾನು ವೈದ್ಯನಾಗಿ ಎರಡು ಮಾತು ಹೇಳಹೋದೆ. ದೊಡ್ಡವ್ವಾರು ಕೇಳಿಸಿಕೊಳ್ಳದೆ ಆಳಿಗೆ ಹೇಳಿದರು: “ಗೆಜ್ಜಿ ತೊಳದು ಒಳಗಿಡು. ಮುಂದ ಮತ್ತ ಯಾರರ ಹುಟ್ತಾರ.”

ಮರುವರ್ಷದ ಮಳೆಗಾಲದಲ್ಲಿ ದ್ಯಾಮವ್ವ ತೀರಿಕೊಂಡಳು. ಕ್ಯಾನ್ಸರ್ ಪುಪ್ಪುಸಕ್ಕೆ ಇಳಿದಿತ್ತು. ಮಿಲ್ಲಿನಿಂದ ಮಣ್ಣಿಗೆ ಬಂದವನು ಇಮಾಮಸಾಬ ಒಬ್ಬನೇ.

ಈಗ ನಾನು ಮುಟ್ಟದೆ ಯಾರನ್ನೂ ಕಳಿಸುವುದಿಲ್ಲ. ಬಿಸಿಲಲ್ಲಿ ದುಡಿಯುವವರು ಬಿಪಿ ತೋರಿಸಲು ಬಂದರೂ ಕೆನ್ನೆ, ಕಿವಿ, ಕೆಳತುಟಿ, ಕೈಯ ಹಿಂಬದಿಗೆ ಬೆರಳಾಡಿಸುತ್ತೇನೆ. ಕೆಲವರು ಮುಜುಗರಪಡುತ್ತಾರೆ, ಪಡಲಿ. ರೋಗಿ ‘ಸುಳ್ ಅಂತೈತಿ’ ಅಂದರೆ ಅದು ದೂರಲ್ಲ, ವರದಿ.

ಚೆನ್ನಿ ಸಾಲೆಗೆ ಹೋಗುತ್ತಿದ್ದಾಳೆ, ಅಗಲ ಟೊಪ್ಪಿಗೆ ಹಾಕಿಕೊಂಡು, ಮೊದಲ ಬೆಂಚಿನಲ್ಲಿ. ಮೂರು ತಿಂಗಳಿಗೊಮ್ಮೆ ಬಂದು ಮುಖ ಒಡ್ಡುತ್ತಾಳೆ. ನಾನು ಕಣ್ಣು ಮುಚ್ಚಿಕೊಂಡೇ ಬೆರಳಾಡಿಸುತ್ತೇನೆ.

“ಮರಳ ಐತೇನ್ರಿ?” ಎಂದು ಪ್ರತಿ ಸಲ ಕೇಳುತ್ತಾಳೆ. ಅತ್ತೆಯ ಮಾತು ಅವಳಿಗೆ ಬಳುವಳಿ.

ಇವತ್ತಿನವರೆಗೆ ‘ಇಲ್ಲ’ ಎನ್ನಲು ಸಾಧ್ಯವಾಗಿದೆ. ‘ಐತಿ’ ಎನ್ನಬೇಕಾದ ದಿನ ಬಂದರೆ, ಅದೇ ದಿನ, ಮುಂದಿನ ಬಸ್ಸಿಗೆ ನಾನೇ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ಯುತ್ತೇನೆ.