ಗೋಧಿಕಾಳಿನೆತ್ತರದ ದಂಡು

ಕಣ್ಣಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದವರು. ಬಂದವರ ಬಯಕೆಯನ್ನು ಕೇಳುವುದಕ್ಕೆ ಮುನ್ನ ಬಂದವರ ಕೈಯನ್ನು ನೋಡುವವರು. ತಿಳಿಯದುದನ್ನು ತಿಳಿಯದೆಂದೇ ಹೇಳಿ, ಮರುದಿನದೊಳಗೆ ತಿಳಿದುಕೊಂಡು ಬರುವವರು. ತಾವು ಮಾಡಿದ ಉಪಕಾರವನ್ನು ಮರೆತು, ತಮಗೆ ಅಕ್ಷರ ಹೇಳಿದವರನ್ನು ಮರೆಯದವರು. ತಪ್ಪಿದಾಗ ಆ ತಪ್ಪನ್ನು ಪರರ ತಲೆಗೆ ಕಟ್ಟದೆ ತಾವೇ ಹೊತ್ತು ತಾವೇ ತಿದ್ದುವವರು. ಇಷ್ಟು ಗುಣಗಳು ಒಂದೇ ಒಡಲಲ್ಲಿ ಕೂಡಿಬರುವುದು ಭಗವಂತನ ಕೃಪೆಯಲ್ಲದೆ ಬೇರೆಯಲ್ಲ. ಆ ಕೃಪೆಗೆ ಪಾತ್ರರಾದವರು ಅರಸರಲ್ಲ, ದಂಡನಾಯಕರಲ್ಲ. ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಐವತ್ತನಾಲ್ಕು ವರ್ಷದ ಒಬ್ಬ ಗೃಹಿಣಿ. ಬೀದಿಯವರು ಅವರನ್ನು ಕನ್ನಡಕದಕ್ಕ ಎಂದು ಕರೆಯುತ್ತಾರೆ. ಯುದ್ಧದಾಟದವರು ದಂಡಿನಕ್ಕ ಎನ್ನುತ್ತಾರೆ. ಈ ಎರಡನೆಯ ಹೆಸರು ಬಂದ ಬಗೆಯನ್ನೂ, ಅದಕ್ಕೆ ತಕ್ಕಂತೆ ಅವರು ನಡೆದುಕೊಂಡ ಬಗೆಯನ್ನೂ ಹೇಳುವುದು ಇಲ್ಲಿನ ಉದ್ದೇಶ.

ಹಳೆಯ ವಾಚನಾಲಯದ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಸೇರುತ್ತಾರೆ. ಎರಡು ಮೇಜುಗಳನ್ನು ಕೂಡಿಸಿ, ಮೇಲೆ ಹಸಿರು ಬಟ್ಟೆ ಹಾಸಿ, ಲೋಹದಲ್ಲಿ ಎರಕ ಹೊಯ್ದ ಪುಟ್ಟ ಸೈನಿಕರನ್ನು ಸಾಲುಗಟ್ಟಿಸಿ, ಸಾವಿರ ಎರಡು ಸಾವಿರ ವರ್ಷಗಳ ಹಿಂದಿನ ಕಾಳಗಗಳನ್ನು ಅಳತೆಕೋಲು ಮತ್ತು ದಾಳಗಳ ನೆರವಿನಿಂದ ಮತ್ತೆ ಆಡುತ್ತಾರೆ. ಸೈನಿಕರನ್ನು ಒಬ್ಬೊಬ್ಬರನ್ನಾಗಿ ನಡೆಸುವುದಿಲ್ಲ. ಕೆಲವರನ್ನು ಒಂದು ಚಿಕ್ಕ ಹಲಗೆಗೆ ಅಂಟಿಸಿ, ಹಲಗೆಯನ್ನೇ ನಡೆಸುತ್ತಾರೆ. ಅಂಗಡಿಯಿಂದ ಬರುವ ಸೈನಿಕನಿಗೆ ಬಣ್ಣವಿರದು. ತನ್ನ ದಂಡಿಗೆ ತಾನೇ ಬಣ್ಣ ಹಚ್ಚಬೇಕೆಂಬುದು ಅಲ್ಲಿಯ ಬರೆಯದ ಕಟ್ಟಳೆ. ಇನ್ನೊಬ್ಬರಿಂದ ಬಣ್ಣ ಹಚ್ಚಿಸಿಕೊಂಡು ಬಂದವನನ್ನು ಯಾರೂ ಹೊರಗೆ ಹಾಕುವುದಿಲ್ಲ, ಆದರೆ ಅವನೇ ಎರಡು ವಾರದಲ್ಲಿ ಬರುವುದನ್ನು ನಿಲ್ಲಿಸುತ್ತಾನೆ.

ಹದಿನೈದು ವರ್ಷಗಳ ಹಿಂದೆ ಈ ಮಂಡಳಿಯ ಬೀಗದಣ್ಣ, ಎಂದರೆ ಬೀಗ ರಿಪೇರಿಯವನು, ಭೂತಗನ್ನಡಿ ಕೊಳ್ಳಲು ಕನ್ನಡಕದಂಗಡಿಗೆ ಬಂದ. ಗಾಜನ್ನು ಪರೀಕ್ಷಿಸಲೆಂದು ಜೇಬಿನಿಂದ ಇಬ್ಬರು ಸೈನಿಕರನ್ನು ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಅಕ್ಕ ಅವರನ್ನು ನೋಡಿ ಕೇಳಿದರು:

"ಇವರಿಬ್ಬರೂ ಒಂದೇ ಅಳತೆ ಅಂತ ಯಾರು ಹೇಳಿದ್ದು?"

"ಡಬ್ಬಿ ಮೇಲೇ ಬರೆದಿದೆಯಲ್ಲಕ್ಕ. ಇಬ್ರೂ ಹದಿನೈದು ಮಿಲಿಮೀಟರು."

"ಒಬ್ಬನ್ನ ಅಂಗಾಲಿಂದ ಕಣ್ಣಿನವರೆಗೆ ಅಳೆದಿದ್ದಾರೆ, ಇನ್ನೊಬ್ಬನ್ನ ಟೊಪ್ಪಿಗೆ ತುದಿವರೆಗೆ. ಒಟ್ಟಿಗೆ ನಿಲ್ಲಿಸಿದ್ರೆ ಅಪ್ಪ ಮಕ್ಕಳ ದಂಡು ಆಗತ್ತೆ."

"ಅದಕ್ಕೇ ನಾನು ಸೋಲ್ತಾ ಇರೋದು," ಎಂದ ಬೀಗದಣ್ಣ. "ಅರ್ಧ ಜನಕ್ಕೆ ಇನ್ನೂ ಮೀಸೆ ಬಂದಿಲ್ಲ."

ಮುಂದಿನ ಶನಿವಾರ ಅಕ್ಕನನ್ನು ಅವನೇ ಮಹಡಿಗೆ ಕರೆದೊಯ್ದ. ಅಂದಿನಿಂದ ಯಾರು ಹೊಸ ದಂಡು ಕಟ್ಟಬೇಕಾದರೂ ಆರಿಸಿಕೊಡುವವರು ಅಕ್ಕನೇ ಆದರು, ದಂಡಿನಕ್ಕ ಎಂಬ ಹೆಸರೂ ಅಂಟಿಕೊಂಡಿತು. ಆದರೆ ಕಣ್ಣಿದ್ದ ಮಾತ್ರಕ್ಕೆ ಕಾಲ ತಿಳಿಯುವುದೇ? ಮೊದಲ ಸಲ ಅವರು ಅತಿ ಪ್ರಾಚೀನ ದಂಡೊಂದಕ್ಕೆ ಆರಿಸಿದ ನಲವತ್ತೆಂಟು ರಾವುತರನ್ನು ಕಂಡು ಮಂಡಳಿಯ ಹಿರಿಯ ಆಟಗಾರರಾದ, ಇತಿಹಾಸದ ನಿವೃತ್ತ ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು.

"ತುಂಬ ಚೆನ್ನಾಗಿದ್ದಾರಮ್ಮ. ಆದ್ರೆ ಜೀನಿಂದ ತೂಗೋ ರಿಕಾಪಿನಲ್ಲಿ ಕಾಲಿಟ್ಟಿದ್ದಾರೆ. ಆ ಕಾಲಕ್ಕೆ ರಿಕಾಪು ಇನ್ನೂ ಹುಟ್ಟಿರಲಿಲ್ಲ. ಇವರು ಮರಿಮಕ್ಕಳ ಕುದುರೆ ಕದ್ದುಕೊಂಡು ಬಂದಿದ್ದಾರೆ."

ಎಲ್ಲರೂ ನಕ್ಕರು; ಅಕ್ಕನೂ ನಕ್ಕರು. ತೊಂಬತ್ತಾರು ರಿಕಾಪುಗಳನ್ನು ಸಣ್ಣ ಅರದಿಂದ ಉಜ್ಜಿ ತೆಗೆದು, ಮೇಷ್ಟ್ರ ಮನೆಗೆ ಹೋಗಿ, "ನನಗೆ ಮೊದಲಿಂದ ಹೇಳಿಕೊಡಿ" ಎಂದರು. ಅಂದಿನಿಂದ ಹನ್ನೊಂದು ವರ್ಷ, ಪ್ರತಿ ಬುಧವಾರ, ಮೇಷ್ಟ್ರು ಅಂಗಡಿಯ ಮುಕ್ಕಾಲುಪೀಠದ ಮೇಲೆ ಕುಳಿತು ಯಾವ ನಾಡಿನ ಗುರಾಣಿ ದುಂಡು, ಯಾವುದರದು ಉದ್ದ, ಯಾರು ಕಾಲಿಗೆ ಕವಚ ಕಟ್ಟಿದರು, ಯಾರು ಬರಿಗಾಲಲ್ಲಿ ಓಡಿದರು ಎಂದು ಹೇಳಿದರು. ಗಿರಾಕಿಗಳು ಗೋಡೆಯ ಅಕ್ಷರಫಲಕವನ್ನು ಓದುತ್ತ ನಡುನಡುವೆ ಪಾಠವನ್ನೂ ಕೇಳಿಸಿಕೊಂಡರು. ಅಕ್ಕನಿಗೆ ವಿದ್ಯೆ ಬಂದುದು ಹೀಗೆ. ಆ ಋಣವನ್ನು ಅವರು ಬಾಯಿಂದ ಆಡಿ ತೀರಿಸಲು ಹೋಗಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡರು.

ಅವರು ಆರಿಸುವ ಕ್ರಮವನ್ನೂ ಹೇಳಬೇಕು. ಸೈನಿಕನನ್ನು ಅವರು ಕೈಯಲ್ಲಿ ಹಿಡಿದು ನೋಡುತ್ತಿರಲಿಲ್ಲ. ಕಿಟಕಿಯ ಅಡ್ಡಪಟ್ಟಿಯ ಮೇಲೆ ನಿಲ್ಲಿಸಿ, ತೋಳಿನುದ್ದ ದೂರ ಸರಿದು ನೋಡುತ್ತಿದ್ದರು. ಆಟದ ಮೇಜಿನ ಮುಂದೆ ನಿಂತವನು ನೋಡುವುದು ಅಷ್ಟು ದೂರದಿಂದಲೇ ತಾನೆ? ಹತ್ತಿರದಿಂದ ಸುಂದರವಾದ, ಸೂಜಿಯಂಥ ಈಟಿ ಅಷ್ಟು ದೂರಕ್ಕೆ ಮಾಯವಾಗುತ್ತದೆ, ಮುಟ್ಟಿದರೆ ಬಾಗುತ್ತದೆ. ನಿಜಕ್ಕಿಂತ ತುಸು ದಪ್ಪನಾದ ಈಟಿಯೇ ನಿಜವಾಗಿ ಕಾಣುತ್ತದೆ. "ಮುಖ ನೋಡಬೇಡಿ, ನಿಲುವು ನೋಡಿ" ಎಂಬುದು ಅವರು ಹೊಸಬರಿಗೆ ಹೇಳುತ್ತಿದ್ದ ಮಾತು.

ಹೀಗಿರಲು ಮೇಷ್ಟ್ರ ಬಲಗೈ ನಡುಗತೊಡಗಿತು. ವೈದ್ಯರು ನೋಡಿದರು, ಗುಳಿಗೆ ಕೊಟ್ಟರು, ಪ್ರಾಣಕ್ಕೆ ಭಯವಿಲ್ಲ, ಆದರೆ ಇದು ಹೋಗುವ ನಡುಕವಲ್ಲ ಎಂದರು. ಒಂದು ಶನಿವಾರ ಮೇಷ್ಟ್ರು ತಮ್ಮ ಹಲಗೆಯೊಂದನ್ನು ಮುಂದಕ್ಕಿಡಲು ಹೋಗಿ ಬೀಗದಣ್ಣನ ಕುದುರೆ ಬಿಲ್ಲಾಳುಗಳ ಎರಡು ಸಾಲನ್ನೇ ಕೆಡವಿದರು. ಹಿಂದೆ ಇಂಥದು ಆಗಿದ್ದರೆ ಬೀಗದಣ್ಣ ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದ. ಅಂದು ಅವನು ಒಂದೂ ಮಾತಾಡದೆ ಕುದುರೆಗಳನ್ನು ಎತ್ತಿ ನಿಲ್ಲಿಸಿದ. ಆ ಮೌನವೇ ಮೇಷ್ಟ್ರಿಗೆ ತಾಗಿತು. ಮುಂದಿನ ವಾರದಿಂದ ಅವರು ಮಹಡಿ ಹತ್ತಲಿಲ್ಲ.

ಅಕ್ಕ ಕೈಕಟ್ಟಿ ಕೂರಲಿಲ್ಲ. ಹೆಬ್ಬೆರಳಿನಷ್ಟು ಎತ್ತರದ, ಎದ್ದು ಕಾಣುವಂಥ ಇಪ್ಪತ್ತನಾಲ್ಕು ಸೈನಿಕರನ್ನು ಆರಿಸಿ ಮೇಷ್ಟ್ರ ಮನೆಗೆ ಕೊಟ್ಟುಬಂದರು. ನಡುಗುವ ಕೈಗೆ ದೊಡ್ಡ ಬೊಂಬೆಯೇ ಸುಲಭವೆಂದು ಯಾರಿಗಾದರೂ ತೋರುವುದು ಸಹಜ. ಒಂದು ತಿಂಗಳ ಮೇಲೆ ಹೋಗಿ ನೋಡಿದಾಗ, ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಆ ಇಪ್ಪತ್ತನಾಲ್ವರನ್ನೂ ನಿಲ್ಲಿಸಿತ್ತು. ಪ್ರತಿಯೊಬ್ಬನ ಕಣ್ಣಿನ ಕಪ್ಪು ಕೆನ್ನೆಯ ಮೇಲೆ ಇಳಿದಿತ್ತು.

"ನೋಡಮ್ಮ ನಿನ್ನ ವೀರರನ್ನ," ಎಂದರು ಮೇಷ್ಟ್ರು. "ಯುದ್ಧಕ್ಕೆ ಮೊದಲೇ ಅಳ್ತಾ ಕೂತಿದ್ದಾರೆ."

ಅವರ ಹೆಂಡತಿ, ಆಸ್ಪತ್ರೆಯಲ್ಲಿ ದಾದಿಯಾಗಿ ನಿವೃತ್ತರಾದವರು, ಒಲೆಯ ಬಳಿಯಿಂದಲೇ ಹೇಳಿದರು: "ಬೊಂಬೆಗಳು ಅತ್ತರೆ ಪರವಾಗಿಲ್ಲ. ಇವರು ಮೂರು ದಿನದಿಂದ ಮಾತಾಡ್ತಿಲ್ಲ."

"ಆಡೋಕೆ ಏನಿದೆ? ನನ್ನ ಡಬ್ಬಿಗಳೆಲ್ಲ ಅಲ್ಲಿವೆ, ತಗೊಂಡು ಹೋಗಿ ಯಾರಿಗಾದ್ರೂ ಕೊಡಮ್ಮ. ನನ್ನ ಆಟ ಮುಗೀತು."

ಹೀಗೆನ್ನುತ್ತ ಅವರು ಕೈ ಚಾಚಿದರು. ನೀರಿನ ಲೋಟ ಉರುಳಿತು. ಪಕ್ಕದಲ್ಲಿದ್ದ ಬಟ್ಟೆ ತೆಗೆದು, ಮೇಜನ್ನು ಈ ತುದಿಯಿಂದ ಆ ತುದಿಗೆ ಒಂದೇ ಎಳೆತದಲ್ಲಿ ಒರೆಸಿದರು. ಅಕ್ಕ ಆ ಕೈಯನ್ನೇ ನೋಡುತ್ತಿದ್ದರು.

"ಮೇಷ್ಟ್ರೇ, ಇನ್ನೊಂದ್ಸಲ ಒರೆಸಿ."

"ಯಾಕೆ, ಒದ್ದೆ ಉಳಿದಿದೆಯಾ?"

"ಇಲ್ಲ. ಸುಮ್ನೆ ಒರೆಸಿ."

"ಮನೆಯಲ್ಲಿ ಒಬ್ಬರು ಹೇಳಿದಂಗೆ ಕೇಳಿದ್ದು ಸಾಲದು ಅಂತ ಈಗ ನೀನೂ," ಎನ್ನುತ್ತ ಮೇಷ್ಟ್ರು ಒರೆಸಿದರು.

ಉದ್ದಕ್ಕೆ ಸಾಗುವಾಗ ಕೈಯಲ್ಲಿ ನಡುಕವಿರಲಿಲ್ಲ. ಒಂದು ಬಿಂದುವಿನ ಮೇಲೆ ಹೋಗಿ ನಿಲ್ಲಬೇಕಾದಾಗ ಮಾತ್ರ ಅದು ನಡುಗುತ್ತಿತ್ತು: ಲೋಟದ ಹಿಡಿ, ಬೊಂಬೆಯ ಕಣ್ಣು, ಹಲಗೆಯ ಸಣ್ಣ ಅಂಚು. ದೊಡ್ಡ ಬೊಂಬೆ ಕೇಳುವುದೆಲ್ಲ ಇಂಥ ಬಿಂದುಗಳನ್ನೇ. ಕಣ್ಣು, ತುಟಿ, ಗುಂಡಿ, ಪಟ್ಟಿಯ ಕೊಕ್ಕೆ. ಅಕ್ಕನಿಗೆ ತಮ್ಮ ತಪ್ಪು ಬಯಲಾಯಿತು.

"ತಪ್ಪು ನನ್ನದು ಮೇಷ್ಟ್ರೇ. ಕನ್ನಡಕದವಳ ಬುದ್ಧಿ, ತೊಂದರೆ ಅಂದ್ರೆ ದೊಡ್ಡದು ಮಾಡಿ ತೋರಿಸೋದೊಂದೇ ಗೊತ್ತು. ಡಬ್ಬಿಗಳು ಇಲ್ಲೇ ಇರಲಿ. ಮೂರು ವಾರ ಕೊಡಿ."

"ಮೂವತ್ತೆರಡು ವರ್ಷ ಮಕ್ಕಳು 'ನಾಳೆ ತರ್ತೀನಿ ಸಾರ್' ಅನ್ನೋದನ್ನ ಕೇಳಿದ್ದೀನಿ," ಎಂದರು ಮೇಷ್ಟ್ರು. ಆದರೆ ಬೇಡವೆನ್ನಲಿಲ್ಲ.

ಅಕ್ಕ ಐದು ಕಡೆಯ ಎರಕದವರಿಗೆ ಬರೆದು ಮಾದರಿಗಳನ್ನು ತರಿಸಿದರು. ಈ ಸಲ ಬೇಕಾಗಿದ್ದುದು ಆರು ಮಿಲಿಮೀಟರಿನ ಸೈನಿಕರು. ಗೋಧಿಕಾಳಿನಷ್ಟೇ ಎತ್ತರ, ನಾಲ್ಕು ನಾಲ್ಕು ಜನ ಒಂದು ಪಟ್ಟಿಯಲ್ಲಿ ಕೂಡಿಯೇ ಎರಕಗೊಂಡವರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ತೇಯುವ ಅವರ ಯಜಮಾನರು ಕೆಲಸ ನಿಲ್ಲಿಸಿ ಬಂದು ಕಿಟಕಿಯ ಪಟ್ಟಿಯತ್ತ ಬಗ್ಗಿದರು.

"ಇದೇನೇ, ಇರುವೆ ಸಾಲು? ಸಕ್ಕರೆ ಡಬ್ಬಿ ಮುಚ್ಚಿದ್ದೀಯ ತಾನೆ?"

"ದೂರ ನಿಂತು ನೋಡಿ ಅಂದ್ರೆ."

ಅವರು ದೂರ ನಿಂತು ನೋಡಿದರು. ಒಂದು ಮಾದರಿ ಬರೀ ಬೂದು ಗೆರೆಯಾಯಿತು. ಇನ್ನೊಂದರ ಈಟಿಗಳು ಕಾಣಲೇ ಇಲ್ಲ. ಮೂರನೆಯದು ಅಂದವಾಗಿತ್ತು, ಆದರೆ ಸಾಲುಗಳ ನಡುವೆ ತಗ್ಗು ಸಾಲದು. ಕುಂಚ ಎಳೆದರೆ ಬಣ್ಣ ಎಲ್ಲೆಡೆ ಹರಿದುಬಿಡುವುದು. ನಾಲ್ಕನೆಯದರ ಗುರಾಣಿ ಬೇರೆ ಕಾಲದ್ದು. ಅದನ್ನು ಅಕ್ಕ ಕಣ್ಣೆತ್ತದೆಯೇ ಪಕ್ಕಕ್ಕೆ ಸರಿಸಿದರು. ಐದನೆಯದರಲ್ಲಿ ಈಟಿ ಕಡ್ಡಿಯಂತೆ ದಪ್ಪ, ಟೊಪ್ಪಿಗೆ ಉಬ್ಬು, ಗುರಾಣಿ ಮುಂಚಾಚು. ಹತ್ತಿರದಿಂದ ನೋಡಿದರೆ ಒರಟು. ತೋಳಿನುದ್ದದಿಂದ ನೋಡಿದರೆ ದಂಡು.

"ಇವರು ನಡೀತಿದ್ದಾರೆ ಕಣೇ," ಎಂದರು ಯಜಮಾನರು, ಸ್ವಲ್ಪ ಬೆರಗಿನಿಂದ. ಆಮೇಲೆ ಕೇಳದಿದ್ದರೂ ಉಕ್ಕಿನ ತಗಡನ್ನು ಅಂಗೈಯಗಲಕ್ಕೆ ಕತ್ತರಿಸಿ, ಅಂಚುಗಳನ್ನು ಕನ್ನಡಕದ ಗಾಜಿನಂತೆ ನುಣುಪಾಗಿ ತೇಯ್ದು, ಹಲಗೆಗಳ ಅಡಿಗೆ ಕೂರಿಸಿಕೊಟ್ಟರು. ತೂಕವಿದ್ದರೆ ಹಲಗೆ ಕೈಯಲ್ಲಿ ಕುಣಿಯದು; ಅಗಲವಿದ್ದರೆ ಎರಡೂ ಕೈಗಳಿಂದ ಅಂಚು ಹಿಡಿಯಬಹುದು.

ಮೂರನೆಯ ವಾರದ ಕೊನೆಗೆ ಅಕ್ಕ ಮೊದಲ ಹಲಗೆಯನ್ನು ಮೇಷ್ಟ್ರ ಮುಂದಿಟ್ಟರು. ಅವರ ಮುಖ ಕೆಂಪಾಯಿತು.

"ಕೈ ನಡುಗೋನಿಗೆ ಕಾಳು ತಂದುಕೊಡ್ತೀಯಾ?"

"ಒಬ್ಬೊಬ್ಬನ್ನ ಮುಟ್ಟೋಕೆ ಹೋಗಬೇಡಿ. ಕಪ್ಪು ಅಡಿಬಣ್ಣ ಆಗಲೇ ಹಚ್ಚಿದ್ದೀನಿ, ಅಷ್ಟಕ್ಕೆ ಕಟ್ಟಳೆ ಒಪ್ಪತ್ತೆ, ಬೀಗದಣ್ಣನ್ನ ಕೇಳಿದ್ದೀನಿ. ಈ ಅಗಲದ ಕುಂಚ ತಗೊಳ್ಳಿ, ಬಣ್ಣ ಅದ್ದಿ, ಕಾಗದದ ಮೇಲೆ ಒರೆಸಿಬಿಡಿ. ಈಗ ಮೇಜು ಒರೆಸಿದ ಹಾಗೆ ಎಳೀರಿ. ಈ ತುದಿಯಿಂದ ಆ ತುದಿ."

ಮೇಷ್ಟ್ರು ಎಳೆದರು. ಹೆಚ್ಚುಕಡಿಮೆ ಒಣಗಿದ ಆ ಕುಂಚ ಉಬ್ಬುಗಳನ್ನಷ್ಟೇ ಸವರಿಕೊಂಡು ಹೋಯಿತು. ಟೊಪ್ಪಿಗೆಗಳು ಕಂಚಿನ ಬಣ್ಣಕ್ಕೆ ತಿರುಗಿದವು, ತಗ್ಗುಗಳಲ್ಲಿ ಕಪ್ಪು ನೆರಳಾಗಿ ಉಳಿಯಿತು. ಇನ್ನೊಂದು ಎಳೆತಕ್ಕೆ ಗುರಾಣಿಗಳು ಎದ್ದುಬಂದವು. ಕಣ್ಣು ಬರೆಯುವ ಮಾತೇ ಇರಲಿಲ್ಲ. ಅಷ್ಟು ಚಿಕ್ಕವನಿಗೆ ಮುಖವೆಂದರೆ ಒಂದು ಚುಕ್ಕೆ ನೆರಳು. ಮೇಷ್ಟ್ರು ಹಿಂದಕ್ಕೆ ಸರಿದು ನೋಡಿ, ತುಟಿಯಲ್ಲೇ ಎಣಿಸತೊಡಗಿದರು.

"ಹದಿನಾರು ಸಾಲು," ಎಂದರು. "ಸಾಲಿಗೆ ಹದಿನಾರು ಜನ."

"ನೀವೇ ಹೇಳಿದ್ದಲ್ವಾ, ಉದ್ದ ಈಟಿಯವರ ಚೌಕ ಅಂದ್ರೆ ಹದಿನಾರು ಸಾಲು ಅಂತ. ದೊಡ್ಡ ಬೊಂಬೆಗಳಲ್ಲಾದ್ರೆ ಎಂಟು ಜನರನ್ನ ನಿಲ್ಲಿಸಿ ಇದೇ ಇಡೀ ಚೌಕ ಅಂದುಕೊಳ್ಳಬೇಕು. ಇದರಲ್ಲಿ ಅಂದುಕೊಳ್ಳಬೇಕಾಗಿಲ್ಲ."

ಮೇಷ್ಟ್ರು ಕುಂಚವನ್ನು ಕೆಳಗಿಟ್ಟರು. "ಮೂವತ್ತೆರಡು ವರ್ಷ ಕಪ್ಪುಹಲಗೆ ಮೇಲೆ ಹದಿನಾರು ಗೆರೆ ಎಳೆದು, ಮಕ್ಕಳೇ ಇದನ್ನ ದಂಡು ಅಂತ ತಿಳ್ಕೊಳ್ಳಿ ಅಂದೆ. ನಾನೇ ಇದುವರೆಗೆ ನೋಡಿರಲಿಲ್ಲಮ್ಮ."

ಅವರ ಹೆಂಡತಿ ಬಾಗಿಲವರೆಗೆ ಅಕ್ಕನೊಡನೆ ಬಂದು ಕೈ ಹಿಡಿದುಕೊಂಡರು. "ನಿನಗೆ ಹೇಗೆ ಹೇಳಲಿ" ಎಂದು ತೊಡಗಿದವರನ್ನು ಅಕ್ಕ ತಡೆದರು. "ಹೇಳಬೇಡಿ ಅಮ್ಮಾ. ಹನ್ನೊಂದು ವರ್ಷದ ಬುಧವಾರಗಳಿಗೆ ನಾನಿನ್ನೂ ಏನೂ ಹೇಳಿಲ್ಲ."

ನಾಲ್ಕು ತಿಂಗಳಲ್ಲಿ ಆರು ಚೌಕಗಳು ಸಿದ್ಧವಾದವು. ಸಾವಿರದ ಐನೂರ ಮೂವತ್ತಾರು ಜನ. ಅವುಗಳ ಪೈಕಿ ಕೆಲವು ಚೌಕಗಳಲ್ಲಿ ಬಣ್ಣ ಒಂದೆಡೆ ಮಂದ, ಒಂದೆಡೆ ತೆಳು. ಮೇಷ್ಟ್ರು ಅದರ ತಪ್ಪನ್ನು ಬಿಸಿಲಿನ ಮೇಲೆ ಹೊರಿಸಿದರು. ವರ್ಷದ ದೊಡ್ಡ ಆಟದ ದಿನ ಅವರು ಮೆಟ್ಟಿಲು ಹತ್ತಿ ಬಂದು, ಬೀಗದಣ್ಣನ ಎದುರು ನಿಂತು, ಎರಡೂ ಕೈಗಳಿಂದ ಒಂದೊಂದೇ ಚೌಕವನ್ನು ಎತ್ತಿ ಹಸಿರು ಬಟ್ಟೆಯ ಮೇಲಿಟ್ಟರು. ಆಟದಲ್ಲಿ ಲೆಕ್ಕಕ್ಕೆ ಬರುವುದು ಹಲಗೆಯ ಅಗಲವೇ ಹೊರತು ಆಳಿನ ಎತ್ತರವಲ್ಲವಾದ್ದರಿಂದ ನಿಯಮದ ತೊಡಕೇನೂ ಇರಲಿಲ್ಲ. ಆದರೂ ಮಹಡಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಆ ಕೈಗಳನ್ನೇ ನೋಡುತ್ತಿದ್ದರು. ಅಕ್ಕ ಕಿಟಕಿಯ ಬಳಿ ನಿಂತಿದ್ದರು.

ಎರಡನೆಯ ಸರದಿಯಲ್ಲಿ ಮೇಷ್ಟ್ರು ನಡುವಣ ಚೌಕವೊಂದನ್ನು ಮುಂದಕ್ಕೆ ತಳ್ಳುವಾಗ ಕೈ ನಡುಗಿತು. ಇನ್ನೂರೈವತ್ತಾರು ಈಟಿಗಳು ಸಣ್ಣಗೆ ಅಲುಗಿದವು, ಒಂದೂ ಬೀಳಲಿಲ್ಲ. ಆಗ ಬೀಗದಣ್ಣ ಅಳತೆಕೋಲನ್ನು ಕೆಳಗಿಟ್ಟು ಬಾಯಿಬಿಟ್ಟ.

"ಏನ್ ಮೇಷ್ಟ್ರೇ, ನಿಮ್ಮೋರು ನನ್ನ ಕುದುರೆಗಳನ್ನ ನೋಡಿ ನಡುಗ್ತಾ ಇದ್ದಾರೆ?"

"ಹೆದರಿಕೆ ಅಲ್ಲಪ್ಪ," ಎಂದರು ಮೇಷ್ಟ್ರು. "ಹಸಿವು."

ಮಹಡಿ ನಗೆಯಿಂದ ತುಂಬಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಮೇಷ್ಟ್ರೇ. ಅಂದು ಸಂಜೆಯೊಳಗೆ ಅವರ ಎಡಪಕ್ಕ ಮುರಿದು, ಮೂರು ಚೌಕ ಕಳೆದು, ಅವರು ಸೋತರು. ಸೋತು, ಬೆವರು ಒರೆಸಿಕೊಂಡು, ಗೋಡೆಯ ಮೇಲಿನ ಪಟ್ಟಿಯ ಹತ್ತಿರ ಹೋಗಿ ಮುಂದಿನ ಶನಿವಾರದ ಎದುರು, ಅಂಕುಡೊಂಕಾದ ದೊಡ್ಡ ಅಕ್ಷರಗಳಲ್ಲಿ, ತಮ್ಮ ಹೆಸರನ್ನು ಬರೆದರು. ಅಕ್ಕ ಅದನ್ನು ದೂರದಿಂದಲೇ ಓದಿ, ಮಧ್ಯಾಹ್ನ ಮುಚ್ಚಿದ್ದ ಅಂಗಡಿಯನ್ನು ಮತ್ತೆ ತೆರೆಯುವ ಹೊತ್ತಾಯಿತೆಂದು ಮೆಟ್ಟಿಲಿಳಿದರು.

ಒಬ್ಬರ ಕೈಗೆ ತಕ್ಕುದನ್ನು ಹುಡುಕಿ ಕೊಡುವುದಕ್ಕಿಂತ ಮೇಲಾದ ದಾನವನ್ನು ಕಾಣೆವು. ಅಂಥ ದಾನಿಯನ್ನು ನಮ್ಮ ನಡುವೆ ಇರಿಸಿದ ಪರಮಾತ್ಮನಿಗೆ ನಮೋ ನಮಃ. ಆ ತಾಯಿಯ ಕಣ್ಣಳತೆ ಎಂದೂ ಮಾಸದಿರಲಿ. ಗಾಜು ತೇಯುವ ಯಜಮಾನರ ಕೈಗಳು ಗಟ್ಟಿಯಾಗಿರಲಿ, ಅವರ ಕೀಟಲೆಗೆ ಆ ಮನೆಯಲ್ಲಿ ಎಂದೂ ಬರ ಬಾರದಿರಲಿ. ಅವರ ಹೊಸ್ತಿಲು ದಾಟಿ ಬಂದವರು ಬಂದುದಕ್ಕಿಂತ ಸ್ಪಷ್ಟವಾಗಿ ಲೋಕವನ್ನು ಕಾಣುತ್ತ ಹಿಂದಿರುಗಲಿ. ಆ ಮನೆಗೂ ಮನೆಯವರಿಗೂ ನೂರ್ಕಾಲ ಮಂಗಳವಾಗಲಿ.