ಮುದ್ದೆ ತಿರುವಲು ಒಂದು ಕಟ್ಟೆ

ಅತ್ತೆಯ ಎರಡೂ ಪಾದಗಳ ಒಳಬದಿಯಲ್ಲಿ ಚರ್ಮ ಕಪ್ಪುಗಟ್ಟಿ ದಪ್ಪಗಾಗಿತ್ತು. ಚಪ್ಪಲಿ ಕಚ್ಚಿದ ಗುರುತಲ್ಲ, ಕಾಯಿಲೆಯೂ ಅಲ್ಲ. ಮದುವೆಯಾಗಿ ಮಂಡ್ಯದ ಕಡೆಯಿಂದ ಮದ್ರಾಸಿಗೆ ಬಂದಂದಿನಿಂದ ದಿನವೂ ಮಣೆಯ ಮೇಲೆ ಕೂತು, ಒಲೆಯಿಂದ ಇಳಿಸಿದ ಪಾತ್ರೆಗೆ ಬಟ್ಟೆ ಸುತ್ತಿ ಪಾದಗಳ ನಡುವೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ರಾಗಿ ಮುದ್ದೆ ತಿರುವಿದ್ದರ ಫಲ ಅದು.

ಅತ್ತೆ ಎಂದರೆ ನನ್ನ ಸೋದರತ್ತೆ, ಅಪ್ಪನ ತಂಗಿ. ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಚೆನ್ನೈನಲ್ಲಿ ಕೆಲಸ ಸಿಕ್ಕಾಗ ವಡಪಳನಿಯ ಅವಳ ಮನೆಯಲ್ಲೇ ಇಳಿದುಕೊಂಡೆ, ಮದುವೆಯಾಗುವವರೆಗೂ ಅಲ್ಲೇ ಇದ್ದೆ. ಮಾವನವರಿಗೆ ಟಿ. ನಗರದ ಬಟ್ಟೆ ಅಂಗಡಿಯೊಂದರಲ್ಲಿ ಪಾಲಿತ್ತು. ಅಂಗಡಿಯ ಮುಂಗಡೆ ಗಾಜಿನ ಹಿಂದೆ ಏನು ತೂಗುಹಾಕಬೇಕು, ಒಳಗೆ ಏನು ಮುಚ್ಚಿಡಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮನೆಯನ್ನೂ ಹಾಗೇ ನಡೆಸಿದರು.

ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ರಾಗಿ ತಿನ್ನಿ ಎಂದಿದ್ದರು. ಡಾಕ್ಟರು ಹೇಳದಿದ್ದರೂ ತಿನ್ನುತ್ತಿದ್ದರು ಅನ್ನಿ, ಮುದ್ದೆ ಇಲ್ಲದ ಊಟ ಅವರಿಗೆ ಊಟವೇ ಅಲ್ಲ. ಅವರ ಮಗನೂ ತಿನ್ನುತ್ತಿದ್ದ, ಆದರೆ ಕದ ಹಾಕಿಕೊಂಡು. ತಮಿಳಿನಲ್ಲಿ ಮುದ್ದೆಗೆ ಕಳಿ ಅನ್ನುತ್ತಾರೆ, ಕಳಿ ತಿನ್ನುವುದೆಂದರೆ ಜೈಲಿಗೆ ಹೋಗುವುದು ಎಂದೂ ಅರ್ಥ. ಶಾಲೆಯಲ್ಲಿ ಯಾರೋ ಹಾಗೆ ಹಂಗಿಸಿದ್ದರಂತೆ. ಅಂದಿನಿಂದ ಸ್ನೇಹಿತರು ಬಂದರೆ ಮುದ್ದೆ ಕೋಲನ್ನು ಕಪಾಟಿನ ಹಿಂದೆ ತಳ್ಳುತ್ತಿದ್ದ. ಅತ್ತೆ ಅದನ್ನು ಹುಡುಕಿ ತೆಗೆದು, ತೊಳೆದು, ಮತ್ತೆ ಗೋಡೆಗೆ ಒರಗಿಸುತ್ತಿದ್ದಳು.

ಮಗನಿಗೆ ಹೆಣ್ಣು ಗೊತ್ತಾದಾಗ ಅಡುಗೆಮನೆ ಹೊಸದು ಮಾಡಿಸುವ ಮಾತು ಬಂತು. ಬೀಗರು ಮನೆ ನೋಡಲು ಬರುವವರಿದ್ದರು. ಆ ಹೊತ್ತಿಗೆ ಅತ್ತೆಯ ಮಂಡಿ ಕೆಟ್ಟಿತ್ತು. ಕೂತರೆ ಏಳಲು ಗೋಡೆ ಹಿಡಿಯಬೇಕು, ಒಮ್ಮೊಮ್ಮೆ ನನ್ನ ಭುಜ. ಬಣ್ಣ, ಕಪಾಟು, ಟೈಲ್ಸು ಯಾವುದನ್ನೂ ಅವಳು ಕೇಳಲಿಲ್ಲ. ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿನ ಕಟ್ಟೆ ಬೇಕು ಎಂದಳು. ಪಾತ್ರೆಯನ್ನು ಅದರ ಮೇಲಿಟ್ಟರೆ ಎರಡು ಕಡೆಯ ಗೋಡೆಯೇ ಹಿಡಿದುಕೊಳ್ಳುತ್ತದೆ, ತಾನು ನಿಂತೇ ಮೈಭಾರ ಬಿಟ್ಟು ತಿರುವಬಹುದು. ಇದನ್ನೆಲ್ಲ ಅವಳು ಎಷ್ಟು ದಿನದಿಂದ ಯೋಚಿಸಿಟ್ಟಿದ್ದಳೋ! ಮಾವ ಪೇಪರಿನಿಂದ ತಲೆಯೆತ್ತದೆ, ಆಯ್ತು ಬಿಡು, ಮಾಡ್ಸಣ ಎಂದರು. ಅವಳು ಆ ಮಾತನ್ನು ನಂಬಿದಳು.

ಒಂದು ಭಾನುವಾರ ಪೋರೂರಿನ ಆಚೆ, ರಸ್ತೆ ಬದಿಯ ಕಲ್ಲಿನ ಅಂಗಡಿಗೆ ಎಲ್ಲರೂ ಹೋದೆವು. ಮಾವ ಮತ್ತು ಮಗ ಹೊಳೆಯುವ ಕರಿ ಗ್ರಾನೈಟಿನ ಮುಂದೆ ನಿಂತರು. ಮುಖ ಕಾಣುತ್ತಿತ್ತು ಅದರಲ್ಲಿ. ಮಗ ತಲೆಗೂದಲು ಸರಿಮಾಡಿಕೊಂಡದ್ದನ್ನು ನಾನೇ ಕಂಡೆ. ಅತ್ತೆ ಮಾತ್ರ ಹಿಂದೆ ಹೋಗಿ, ಪಾಲಿಶ್ ಮಾಡದ ಬೂದು ಚಪ್ಪಡಿಗಳ ಮೇಲೆ ಅಂಗೈ ಒತ್ತಿ ಎಳೆಯುತ್ತ ನಡೆದಳು. ಒಂದರ ಹತ್ತಿರ ನಿಂತಳು. ನೀರು ತರಿಸಿ ಅದರ ಮೇಲೆ ಸುರಿದು ಮತ್ತೆ ಎಳೆದು ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಇಲ್ಲದ ಪಾತ್ರೆಯಲ್ಲಿ ಇಲ್ಲದ ಕೋಲನ್ನು ಗರಗರ ತಿರುವಿದಳು. ಅಷ್ಟು ಜನರ ನಡುವೆ. ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ಮೊದಲು ನೋಡಿರಲಿಲ್ಲ.

ಅಂಗಡಿಯವನು ತಮಿಳಿನಲ್ಲಿ, ಇದು ಬಾತ್‌ರೂಮಿಗಾ ಅಮ್ಮಾ ಎಂದು ಕೇಳಿದ. ಮಗ ನಾಚಿಕೆಯಿಂದ ಕೆಂಪಾಗಿ, "ಅಮ್ಮಾ, ಪೋದುಮ್ಮಾ, ಎಲ್ಲಾರುಂ ಪಾಕ್ಕರಾಂಗ" ಎಂದ. ಸಾಕು, ಎಲ್ಲರೂ ನೋಡುತ್ತಿದ್ದಾರೆ ಎಂದು. ಅತ್ತೆ ಸೆರಗು ಬಿಚ್ಚಿ ಹೊದ್ದುಕೊಂಡು, ಅಂಗಡಿಯವನಿಗೆ ತನ್ನ ಮಂಡ್ಯದ ತಮಿಳಿನಲ್ಲೇ ಇದು ಅಡುಗೆಮನೆಗೆ ಎಂದು ಬಿಡಿಸಿ ಹೇಳಿದಳು. ಆ ಬೂದು ಕಲ್ಲನ್ನೂ ಗಾಡಿಗೆ ಹಾಕಿದರು.

ಕೆಲಸ ನಡೆಯುವಾಗ ಧೂಳು ಕೂಡದೆಂದು ಅವಳನ್ನು ಊರಿಗೆ, ನಮ್ಮಪ್ಪನ ಮನೆಗೆ ಕಳಿಸಿದರು. ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಮೂಲೆಯಲ್ಲಿ ಕಟ್ಟೆ ಏಳದ್ದನ್ನು ಕಂಡು ಕೇಳಿದೆ. ದೊಡ್ಡವರ ವಿಷಯ, ನಿನಗೇಕೆ ಎಂದರು ಮಾವ. ಅವಳು ಬಂದ ದಿನ ಅಡುಗೆಮನೆ ತುಂಬ ಕರಿ ಗ್ರಾನೈಟು ಮಿರಮಿರ ಮಿಂಚುತ್ತಿತ್ತು. ಎಲ್ಲ ಒಂದೇ ಎತ್ತರ, ಅವಳ ಸೊಂಟಕ್ಕಿಂತ ಮೇಲೆ. ಅವಳ ಮೂಲೆಯಲ್ಲಿ ಮೈಕ್ರೋವೇವ್ ಕೂತಿತ್ತು.

"ಎಲ್ಲಾ ಒಂದೇ ಲೆವೆಲ್ಲಾಗಿದ್ರೆ ಲಕ್ಷಣವಾಗಿರ್ತದೆ ಅಂದ ಡಿಸೈನರ್ರು. ನಿಂದೂ ಆಗೈತೆ, ಹಿಂದ್ಗಡೆ ಹೋಗಿ ನೋಡು" ಎಂದರು ಮಾವ.

ಹಿಂದುಗಡೆ ಎಂದರೆ ಪಾತ್ರೆ ತೊಳೆಯುವ ಜಾಗ. ಮೇಲೆ ಶೀಟು, ಪಕ್ಕದಲ್ಲಿ ಬಚ್ಚಲ ಮೋರಿ. ಅಲ್ಲಿ, ಒಗೆಯುವ ಕಲ್ಲಿಗೆ ಅಂಟಿಕೊಂಡಂತೆ, ಅವಳು ಆರಿಸಿದ ಬೂದು ಕಲ್ಲಿನ ಕಟ್ಟೆ. ಎತ್ತರ ಸರಿಯಾಗಿಯೇ ಇತ್ತು. ಅತ್ತೆ ಅದರ ಮೇಲೊಮ್ಮೆ ಕೈಯಾಡಿಸಿ ಒಳಗೆ ಬಂದು ಕಾಫಿಗೆ ನೀರಿಟ್ಟಳು. ಏನಾದರೂ ಅನ್ನಬಾರದಾ ಎಂದು ನನಗೆ ಅವಳ ಮೇಲೂ ಸಿಟ್ಟು ಬಂತು.

ಮರುದಿನ ಅನ್ನ ಮಾಡಿದಳು. ಅದರ ಮರುದಿನವೂ ಅನ್ನ. ಊರಿಂದ ಬಂದ ಸುಸ್ತು ಎಂದುಕೊಂಡರು ಮಾವ. ವಾರ ಕಳೆದ ಮೇಲೆ ತಟ್ಟೆ ಮುಂದೆ ಕೂತು, ಮುದ್ದೆ ಎಲ್ಲಿ ಎಂದು ಕೇಳಿಯೇಬಿಟ್ಟರು.

"ಅಡುಗೆಮನೇಲಿ ಜಾಗ ಇಲ್ದಿದ್ದು ತಟ್ಟೇಲಿ ಯಾಕೆ?" ಎಂದಳು ಅತ್ತೆ.

ದನಿಯೇರಿಸಲಿಲ್ಲ, ಸಾರು ಬಡಿಸುತ್ತಲೇ ಹೇಳಿದಳು. ಅಷ್ಟೇ. ಆ ಮನೆಯಲ್ಲಿ ಅವಳು ಮತ್ತೆ ಮುದ್ದೆ ಮಾಡಲಿಲ್ಲ. ಮಾವನಿಗಾಗಿ ರಾಗಿ ರೊಟ್ಟಿ ತಟ್ಟಿದಳು, ಅಂಬಲಿ ಕಾಯಿಸಿದಳು, ಔಷಧದ ವಿಷಯದಲ್ಲಿ ಒಂದು ಹೊತ್ತೂ ತಪ್ಪಲಿಲ್ಲ. ಮುದ್ದೆ ಮಾತ್ರ ಇಲ್ಲ. ಮಾವ ರೇಗಿದರು, ಗೋಗರೆದರು, ನೆಂಟರ ಕೈಲಿ ಹೇಳಿಸಿದರು. ಕೊನೆಗೆ ಬಂದವರಿಗೆಲ್ಲ, ಪಾಪ ಅವಳಿಗೆ ಮಂಡಿ ನೋವು, ನಾನೇ ಬೇಡ ಅಂದಿದೀನಿ ಎಂದು ಹೇಳತೊಡಗಿದರು. ಅತ್ತೆ ಅದನ್ನು ಕೇಳಿಸಿಕೊಂಡೇ ಕಾಫಿ ಬೆರೆಸುತ್ತಿದ್ದಳು. ಬಂದವರು ಅಡುಗೆಮನೆಯನ್ನು ಬಾಯಿ ತುಂಬ ಹೊಗಳಿ ಹೋಗುತ್ತಿದ್ದರು.

ನನಗೆ ಹೊಟ್ಟೆ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ. ಮುದ್ದೆ ಬಿಟ್ಟರೆ ಬೇರೇನೂ ಸೇರದವಳು ಅವಳೇ. ಅನ್ನವನ್ನು ತಟ್ಟೆಯಲ್ಲಿ ಅತ್ತಿತ್ತ ಮಾಡಿ, ಅರ್ಧ ಹೊಟ್ಟೆಯಲ್ಲಿ ಏಳುತ್ತಿದ್ದಳು. ಅವರನ್ನು ಶಿಕ್ಷಿಸಲು ಹೋಗಿ ಉಪವಾಸ ಬಿದ್ದವಳು ಅವಳು.

ನಾನು ಮದುವೆಯಾಗಿ ಪೋರೂರಿನಲ್ಲಿ ಬಾಡಿಗೆ ಮನೆ ಮಾಡಿದ ಮೇಲೆ, ತಿಂಗಳಿಗೊಮ್ಮೆ ಅಲ್ಲಿನ ಕೆರೆ ನೋಡುವ ನೆಪ ಹೇಳಿ ಬಸ್ಸು ಹತ್ತಿ ಬರುತ್ತಿದ್ದಳು. ಕೆರೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ಇಕ್ಕಟ್ಟಿನ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ನನ್ನನ್ನು ನೆಲಕ್ಕೆ ಕೂರಿಸಿ ಮುದ್ದೆ ತಿರುವಿಸುತ್ತಿದ್ದಳು. "ಹೆದ್ರುಕೊಂಡ್ ತಿರುವಿದ್ರೆ ಗಂಟಾಯ್ತದೆ ಕಣವ್ವ" ಎಂಬುದು ಅವಳ ಪಾಠ. ಮೊದಮೊದಲು ಗಂಟೇ ಗಂಟು. ಅದನ್ನೂ ಬಸ್ಸಾರಿನಲ್ಲಿ ಅದ್ದಿ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು. ಹೊರಡುವಾಗ, ನಿಮ್ಮ ಮಾವನಿಗೆ ಹೇಳಬೇಡ ಎನ್ನುತ್ತಿದ್ದಳು. ನನ್ನ ಕೈಗೆ ಹದ ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿದ್ದವು.

ಒಂದು ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಗೇಟಿಗೆ ಹೋದವಳು ಅಲ್ಲೇ ಕುಸಿದಳಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ನಮ್ಮಲ್ಲಿ ರೂಢಿ. ಅಡುಗೆಗೆ ತಮಿಳು ಭಟ್ಟರು ಬಂದಿದ್ದರು. ಮಾವ ನನ್ನ ಹತ್ತಿರ ಬಂದು, "ಅವ್ಳಿಗೆ ಮುದ್ದೆ ಅಂದ್ರೆ ಪ್ರಾಣ ಕಣವ್ವ. ಎಡೇಲಿ ಮುದ್ದೆ ಇಲ್ದಿದ್ರೆ ಹೆಂಗೆ?" ಎಂದರು. ನಾನು ಅವರ ಮುಖವನ್ನೇ ನೋಡಿದೆ. ಅವರಿಗೆ ನಿಜವಾಗಿ ಅಳು ಬರುತ್ತಿತ್ತು.

ಹಿಟ್ಟು ಬೇಯಿಸಿ ಪಾತ್ರೆಯನ್ನು ಗ್ರಾನೈಟಿನ ಮೇಲಿಟ್ಟೆ. ಕೋಲು ಹಾಕಿದ ಕೂಡಲೇ ಜಾರಿತು. ಇಳಿಸಿ, ಆ ನುಣ್ಣನೆಯ ಟೈಲ್ಸಿನ ಮೇಲೆ ನಟ್ಟನಡುವೆ ಕೂತು ತಿರುವಿದೆ. ಬೀಗರು, ಅಂಗಡಿಯ ಪಾಲುದಾರರು, ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ಮಗನೂ ನೋಡಿದ. ಸತ್ತ ಮೇಲೆ ಅವಳ ಮುದ್ದೆಗೆ ಆ ಅಡುಗೆಮನೆಯಲ್ಲಿ ಜಾಗ ಸಿಕ್ಕಿತ್ತು.

ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು, ಅವಳು ಬಂದು ಉಣ್ಣಲಿ ಎಂದು. ಆಮೇಲೆ ಪಂಕ್ತಿ ಕೂತಿತು. ಮಾವ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟವರೇ ಕಣ್ಣೊರೆಸಿಕೊಂಡರು. ಥೇಟ್ ಅವಳು ಮಾಡಿದ ಹಾಗೇ ಇದೆ, ಎಲ್ಲಿ ಕಲಿತೆ ಎಂದು ಕೇಳಿದರು. ನಾನು ಪಕ್ಕದವರಿಗೆ ಸಾರು ಬಡಿಸಿದೆ.

"ಇನ್ನೊಂದಿದ್ರೆ ಹಾಕವ್ವ" ಎಂದರು.

"ಆಗೋಯ್ತು ಮಾವ" ಎಂದೆ.

ಮುಚ್ಚಿಟ್ಟ ಪಾತ್ರೆಯಲ್ಲಿ ಇನ್ನೂ ಇತ್ತು. ಅದನ್ನು ಪೋರೂರಿಗೆ ತಂದು, ನನ್ನ ಅಡುಗೆಮನೆಯ ನೆಲದ ಮೇಲೆ ಕೂತು ಒಬ್ಬಳೇ ತಿಂದೆ.