ಜರ್ಮನಿಯ ವಾಲ್ವು, ರಬಾಳೆಯ ವಸಂತಿ

ಮುಂಬಯಿ ಬಳಿಯ ರಬಾಳೆಯ ಒಂದು ಸಣ್ಣ ವರ್ಕ್‌ಶಾಪಿಗೆ ವಸಂತಿ ಬಂದದ್ದು 2005ರಲ್ಲಿ, ಕಸ ಗುಡಿಸಲು. ಕಾರ್ಕಳದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗಳು ನಿಶ್ಮಿತಾಳೊಂದಿಗೆ ಡೊಂಬಿವಲಿಯ ಒಂದೇ ಕೋಣೆಯಲ್ಲಿ ಇದ್ದಳು. ವರ್ಕ್‌ಶಾಪಿನಲ್ಲಿ ತಯಾರಾಗುತ್ತಿದ್ದದ್ದು ಜರ್ಮನಿಯ ಅಣುವಿದ್ಯುತ್ ಸ್ಥಾವರಗಳಿಗೆ ಹೋಗುವ ವಾಲ್ವುಗಳು. ಅವುಗಳೊಳಗಿನ ಉಕ್ಕಿನ ಬಿಲ್ಲೆಯನ್ನು, ಒಂದು ಹನಿಯೂ ಸೋರದಂತೆ, ಕೈಯಿಂದಲೇ ಉಜ್ಜಿ ನಯಮಾಡಬೇಕು. ಆ ಕೆಲಸ ಮಾಡುತ್ತಿದ್ದ ಮೂಲ್ಕಿಯ ಗುರುವಪ್ಪ, ಕೆಲಸ ಬಿಟ್ಟು ನೋಡುತ್ತ ನಿಂತಿದ್ದ ಅವಳನ್ನು ಒಂದು ಮಧ್ಯಾಹ್ನ ಹತ್ತಿರ ಕರೆದರು.

"ಬಾ ಮಗಾ, ಕೈ ಕೊಡು. ಒತ್ತಬೇಡ, ಅದು ತಾನಾಗಿ ಜಾರಬೇಕು."

ಎರಡು ವರ್ಷದಲ್ಲಿ ಅವಳ ಕೈ ಅವರ ಕೈಯನ್ನು ಮೀರಿಸಿತು. ತಪಾಸಣೆಗೆ ಬಂದವರಿಗೆ ಗುರುವಪ್ಪ ಅವಳ ಬಿಲ್ಲೆಗಳನ್ನೇ ಮೊದಲು ತೋರಿಸುತ್ತಿದ್ದರು.

2011ರಲ್ಲಿ ಮಾಲೀಕ ಸೂರ್ಯನಾರಾಯಣ, ಮೈಸೂರಿನವರು, ವಸಂತಿಯನ್ನು ಕ್ಯಾಬಿನ್ನಿಗೆ ಕರೆಸಿದರು.

"ಜರ್ಮನಿಯವರು ಅಣು ಸ್ಥಾವರಗಳನ್ನ ಮುಚ್ತಾರಂತೆ. ಮುಚ್ಚೋ ಕಡೆಗೆ ಹೊಸ ವಾಲ್ವ್ ಯಾಕೆ? ಆರ್ಡರ್ ನಿಂತೋಯ್ತು."

"ಅವರಿಗೆ ಕರೆಂಟು ಬೇಡವಾ ಸರ್?"

"ಬೇಕು. ದುಬಾರಿಯಾದ್ರೂ ಬೇರೆ ಕಡೆಯಿಂದ ತರ್ತಾರೆ. ಜಪಾನಿನ ಅಣು ಸ್ಥಾವರದಲ್ಲಿ ಆದ ದುರಂತ ನೋಡಿ ಹೆದರಿದ್ದಾರೆ. ಆ ಹೆದರಿಕೆ ತಪ್ಪು ಅಂತ ಹೇಗೆ ಹೇಳ್ಲಿ?" ಅವರು ಆರ್ಡರಿನ ಫೈಲು ಮುಚ್ಚಿದರು. "ಬಿಲ್ಲೆ ಉಜ್ಜೋ ಕೆಲಸಕ್ಕೆ ಇನ್ನು ಒಬ್ಬರು ಸಾಕು. ನೀವಿರಿ. ಗುರುವಪ್ಪನವರಿಗೆ ನಾಳೆ ಹೇಳ್ತೀನಿ."

ಗುರುವಪ್ಪನವರಿಗೆ ಆಗ ಐವತ್ತಾರು. ಹೆಂಡತಿ ನಳಿನಾಕ್ಷಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಿತ್ತು. ವಸಂತಿ ಕುರ್ಚಿಯಿಂದ ಏಳಲಿಲ್ಲ.

"ಹೇಳಬೇಡಿ ಸರ್. ಮೂರು ದಿನ ಅವರು ಬರಲಿ, ಮೂರು ದಿನ ನಾನು. ಎಲ್ಲರಿಗೂ ಇನ್ನು ಹೀಗೇ ಅಂತ ಅವರಿಗೆ ಹೇಳಿ, ನಾನು ಕೇಳಿದ್ದು ಅಂತ ಬೇಡ."

ಸೂರ್ಯನಾರಾಯಣ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, "ಆಗಲಿ" ಎಂದರು.

"ಆಧಾ ಪಗಾರ್? ಮಮ್ಮಿ, ಕೈಸೆ ಚಲೇಗಾ?" ಎಂದಳು ಮನೆಯಲ್ಲಿ ನಿಶ್ಮಿತಾ.

"ಅರ್ಧ ಸಂಬಳದಲ್ಲೇ ನಡೆಸುವ," ಎಂದ ವಸಂತಿ, ಉಳಿದ ಮೂರು ದಿನ ಸ್ಟೇಷನ್ ಬಳಿಯ ಹೋಟೆಲಿನಲ್ಲಿ ನೀರುದೋಸೆ ಹೊಯ್ಯಲು ಹೋದಳು.

ಎರಡು ತಿಂಗಳಾದ ಮೇಲೆ, ಇದು ವಸಂತಿಯೇ ಕೇಳಿ ಮಾಡಿಸಿದ ಏರ್ಪಾಡೆಂದು ಯಾರೋ ಬಾಯಿಬಿಟ್ಟರು. ಗುರುವಪ್ಪ ತಾವಿದ್ದ ಕಲ್ಯಾಣದಿಂದ ಅವಳ ಮನೆಗೇ ಬಂದರು.

"ನಿನಗೆಂತ ಮರುಳಾ? ಬೆಳೆಯುವ ಮಗಳಿದ್ದಾಳೆ!"

"ಈ ಕೈಗೆ ಕೆಲಸ ಕೊಟ್ಟದ್ದು ನೀವಲ್ಲವಾ ಗುರುವಣ್ಣ? ಕೂತ್ಕೊಳ್ಳಿ, ಚಾ ಮಾಡ್ತೇನೆ."

ಅವರು ಕೂತರು. ಲೋಟ ಬರಿದಾದರೂ ಏಳಲಿಲ್ಲ. ಕೊನೆಗೆ ನಿಶ್ಮಿತಾಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೊರಟರು.

ವರ್ಕ್‌ಶಾಪಿನ ಹದಿನಾಲ್ಕು ಮಂದಿಯಲ್ಲಿ ಏಳು ಮಂದಿ ಬಿಟ್ಟು ಹೋದರು. ಒಬ್ಬ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಲಾರಿಗಳಿಂದ ಕಬ್ಬಿಣ ಇಳಿಸತೊಡಗಿದ. ಇವರಿಬ್ಬರ ಪಾಳಿ ಮಾತ್ರ ಹಾಗೇ ನಡೆಯಿತು. 2013ರಲ್ಲಿ ಔಷಧ ಕಾರ್ಖಾನೆಗಳಿಂದ ವಾಲ್ವಿನ ಆರ್ಡರ್ ಬಂತು. ಮೊದಲಿನಷ್ಟು ದೊಡ್ಡದಲ್ಲ, ಆದರೂ ಇಬ್ಬರಿಗೂ ಪೂರ್ತಿ ವಾರದ ಕೆಲಸ.

ಎರಡು ವರ್ಷದ ಮೇಲೆ ಇಬ್ಬರೂ ಒಂದೇ ದಿನ ಕೆಲಸಕ್ಕೆ ಹೊರಟ ಆ ಸೋಮವಾರ, ರಬಾಳೆಯ ರೈಲು ಹಿಡಿಯುವ ಠಾಣೆ ಊರಿನ ಸ್ಟೇಷನ್ನಿನಲ್ಲಿ ವಸಂತಿ ಲೇಡೀಸ್ ಡಬ್ಬಿ ಬಿಟ್ಟು, ಗುರುವಪ್ಪನವರ ಜೊತೆ ಜನರಲ್ ಡಬ್ಬಿ ಹತ್ತಿದಳು.

"ನಳಿನಕ್ಕ ಹೇಗಿದ್ದಾರೆ?"

"ಡಾಕ್ಟ್ರು ಬೇಡ ಅಂದ ಉಪ್ಪಿನಕಾಯಿ ನಿನ್ನೆ ಬೇಕೇ ಬೇಕು ಅಂತ ಜಗಳ ಮಾಡಿದಳು ಮಾರಾಯ್ತಿ," ಎಂದು ಗುರುವಪ್ಪ ನಕ್ಕರು. ವಸಂತಿಯೂ ನಕ್ಕಳು.